ಐದಕ್ಕೆ ಐದು

ವರ್ನಾ ಹುಡಾಕ್ ಎಲೆಕೋಸು ಹುರಿಯುತ್ತಿದ್ದಾಗ ಅಡುಗೆಮನೆಯ ಕಿಟಕಿಯಾಚೆ ಒಬ್ಬ ಅಪರಿಚಿತ ಕಾಣಿಸಿದ. ಕೈಯಲ್ಲಿ ಅಳತೆ ಟೇಪು.

“ಯಾರಯ್ಯಾ ನೀನು? ನನ್ನ ಕಿಟಕಿಗೆ ನಿಂದೇನು ಅಳತೆ?”

“ಹೊಸ ಮಾಲೀಕರು ಕಳಿಸಿದ್ರಮ್ಮಾ. ಕಿಟಕಿ ಬದಲಾಯಿಸ್ಬೇಕಂತೆ. ನೀವಿನ್ನೂ ಖಾಲಿ ಮಾಡಿಲ್ವಾ?”

ಯಂಗ್ಸ್‌ಟೌನಿನ ಆ ಮನೆಯಲ್ಲಿ ಐವತ್ತೊಂದು ವರ್ಷ ಕಳೆದ ವರ್ನಾಗೆ ಅದನ್ನು ಮಾರಿದ ನೆನಪಿಲ್ಲ. ನೋಂದಣಿ ಕಚೇರಿಗೆ ಮಾತ್ರ ಚೆನ್ನಾಗಿ ನೆನಪಿತ್ತು. ಸೆಪ್ಟೆಂಬರ್ ಒಂಬತ್ತರ ಕ್ರಯಪತ್ರ. ಕೊಂಡದ್ದು ಕ್ಲೀವ್‌ಲ್ಯಾಂಡಿನ ಯಾವುದೋ ಕಂಪನಿ. ಕೆಳಗೆ ವರ್ನಾಳ ಸಹಿ, ಪಕ್ಕದಲ್ಲಿ ಆನ್‌ಲೈನ್ ನೋಟರಿಯ ಮುದ್ರೆ. ಹಣ ಹೋದದ್ದು ಅವಳದೇ ಹೆಸರಿನ ಖಾತೆಗೆ. ಅದನ್ನೂ ಯಾರೋ ಆನ್‌ಲೈನಿನಲ್ಲೇ ತೆರೆದಿದ್ದರು, ಈಗ ಅದು ಖಾಲಿ.

ಪೊಲೀಸು ಅಧಿಕಾರಿ ಆಕಳಿಸುತ್ತಲೇ, ನೋಟರಿ ವಿಡಿಯೊ ಕರೆಯಲ್ಲಿ ಸಹಿ ಹಾಕಿಸಿಕೊಂಡ ದಾಖಲೆ ತೋರಿಸಿದ. ಕ್ಯಾಮೆರಾದ ಮುಂದೆ ಕೂತ ಮುದುಕಿಗೆ ವರ್ನಾಳದೇ ದಪ್ಪ ಕನ್ನಡಕ, ವರ್ನಾಳದೇ ನೀಲಿ ಸ್ವೆಟರು. ತಲೆಗೆ ಸ್ಕಾರ್ಫು ಕಟ್ಟಿದ್ದಳು. ಚಿತ್ರ ಮಸುಕು.

“ಇದು ನೀವಲ್ವಾ?”

ವರ್ನಾ ಪರದೆಯ ಹತ್ತಿರಕ್ಕೆ ಬಗ್ಗಿದಳು. ಮೂಗು ತನ್ನದೇ. ಕೂರುವ ರೀತಿ ತನ್ನದೇ. ಅಯ್ಯೋ ದೇವರೇ, ನಾನೇ ಏನಾದರೂ —?

“ನೋಟರಿ ಆಗಿದೆ ತಾಯೀ. ಅಂದ್ಮೇಲೆ ಎಲ್ಲಾ ನಿಜ ಅಂತಾನೇ ಲೆಕ್ಕ.”

ಅವತ್ತು ಮಧ್ಯಾಹ್ನ ತಂಗಿ ರೊಸಾಲಿ ಬಂದು ಅಕ್ಕನ ಕೈ ಹಿಡಿದು ಕೂತಳು. ಎಪ್ಪತ್ತೆರಡಾದರೂ ಕೂದಲಿಗೆ ಕೆಂಪು ಬಣ್ಣ ತಪ್ಪಿಸದವಳು. ಗಂಡನನ್ನು ಬಿಟ್ಟು ಟೊಲೆಡೊದಿಂದ ಊರಿಗೆ ವಾಪಸು ಬಂದಾಗಿನಿಂದ ವಾರಕ್ಕೆರಡು ಸಲ ಬರುತ್ತಿದ್ದಳು.

“ಅಕ್ಕಾ, ಹೋದ ತಿಂಗಳು ನೀನು ಒಲೆ ಆರಿಸೋದು ಮರೆತಿದ್ದೆ. ಇದನ್ನೂ ಮರೆತಿರಬಹುದಲ್ವಾ? ಒಂದ್ಸಲ ಡಾಕ್ಟರಿಗೆ ತೋರಿಸೋಣ. ವೃದ್ಧಾಶ್ರಮಗಳು ಈಗೆಲ್ಲಾ ಎಷ್ಟು ಚೆನ್ನಾಗಿವೆ ಗೊತ್ತಾ? ಇಲ್ಲಾಂದ್ರೆ ನಿನ್ನ ಕೆಲಸದ ಲೂಸಳೇ ಮಾಡಿರ್ಬೇಕು. ನಿನ್ನ ಗುರುತು ಚೀಟಿ ಇರೋ ಡ್ರಾಯರು ಅವಳಿಗೆ ಗೊತ್ತು.”

ವರ್ನಾ ಮರುದಿನವೇ ಲೂಸಳನ್ನು ಕೆಲಸದಿಂದ ಬಿಡಿಸಿದಳು. ಆರು ವರ್ಷ ಬೆನ್ನುಜ್ಜಿ ಸ್ನಾನ ಮಾಡಿಸಿದ ಹೆಂಗಸು. ಅವಳು ಬೀಗದ ಕೈ ಮೇಜಿನ ಮೇಲಿಟ್ಟು ಹೋದಳು.

ಮನೆ ಖಾಲಿ ಮಾಡಲು ಕಂಪನಿ ಮೂವತ್ತು ದಿನ ಕೊಟ್ಟಿತು. ಮನೆ ಹೋದರೆ ಹೋಗಲಿ ಎಂದರೂ, ಬುದ್ಧಿ ಹೋಯಿತೆಂಬ ಹೆಸರು ಹೊತ್ತುಕೊಂಡು ಹೋಗಬೇಕಿತ್ತು.

ಚರ್ಚಿನವರು ಅರ್ಲೀನ್ ಟಬ್ಸ್ ಎಂಬವಳ ಹೆಸರು ಹೇಳಿದರು. ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಡತ ತಿರುವಿ ನಿವೃತ್ತಳಾದವಳು. ಈಗ ಒಬ್ಬ ವಕೀಲನಿಗಾಗಿ ಕಾಗದದ ಮೋಸ ಹುಡುಕುತ್ತಾಳೆ.

“ಇಂಟರ್‌ನೆಟ್ಟಲ್ಲಿ ಮಾಡಿದ ನೋಟರಿ ನಡೆಯಲ್ಲ ಅಲ್ವಾ?” ವರ್ನಾ ಆಸೆಯಿಂದ ಕೇಳಿದಳು.

“ನಡೆಯುತ್ತೆ. ಓಹಾಯೊ ಕಾನೂನಿನಲ್ಲಿ ಎದುರಿಗೆ ಕೂತು ಮಾಡಿದ್ದಕ್ಕೂ ಇದಕ್ಕೂ ಒಂದೇ ತೂಕ. ಮುದ್ರೆ ಹಾಕುವಾಗ ನೋಟರಿ ಈ ರಾಜ್ಯದೊಳಗೆ ಕೂತಿರ್ಬೇಕು, ಅಷ್ಟೆ. ಸಹಿ ಹಾಕೋರು ಚಂದ್ರಲೋಕದಲ್ಲಿದ್ರೂ ಸರಿ. ನೀವು ಯಾವತ್ತಾದ್ರೂ ಹೀಗೆ ಸಹಿ ಹಾಕಿದ್ರಾ?”

“ಏಪ್ರಿಲಿನಲ್ಲಿ ಒಂದ್ಸಲ ಹಾಕೋಕೆ ಹೋದೆ. ಗಂಡನ ಪಿಂಚಣಿ ಕಾಗದಕ್ಕೆ. ರೊಸಾಲಿ ಪಕ್ಕದಲ್ಲೇ ಕೂತು ಒತ್ತಿಕೊಟ್ಟಳು. ಆ ಯಂತ್ರ ಏನೇನೋ ಕೇಳಿ, ನಾನು ನಾನೇ ಅಲ್ಲ ಅಂತು. ಎರಡು ಸಲ! ಮುಚ್ಚಿಡೇ ಅದನ್ನ ಅಂದೆ.”

ಅರ್ಲೀನ್ ಅದನ್ನು ಬರೆದುಕೊಂಡಳು.

ನೋಟರಿ ಬ್ರೆಂಟ್ ಕೆಸ್ಲರ್ ಊರಾಚೆ ತನ್ನ ಅಡುಗೆಮನೆಯಲ್ಲೇ ಕಚೇರಿ ಇಟ್ಟುಕೊಂಡಿದ್ದ. ಇಬ್ಬರೂ ಅಲ್ಲಿಗೆ ಹೋದಾಗ, ವರ್ನಾಳನ್ನು ನೋಡುತ್ತಲೇ ಅವನ ಮುಖ ಬಿಳುಚಿತು.

“ಸೆಪ್ಟೆಂಬರ್ ಒಂಬತ್ತಕ್ಕೆ ಎಲ್ಲಿದ್ದೆ?” ಅರ್ಲೀನ್ ಕೇಳಿದಳು.

“ಇದೇ ಕುರ್ಚಿಯಲ್ಲಿ. ಅವತ್ತು ಹನ್ನೊಂದು ಜನರ ಸಹಿ. ಹೊರಗೆ ಹೋಗೋಕೂ ಪುರುಸೊತ್ತಿರ್ಲಿಲ್ಲ.”

“ಕ್ರಯಪತ್ರ ಓದಿದ್ಯಾ?”

“ಓದೋದು ನನ್ನ ಕೆಲಸ ಅಲ್ಲ ಮೇಡಂ. ಒಳಗೆ ಬರೆದಿರೋದು ನಿಜವೋ ಸುಳ್ಳೋ ನನಗೇನು ಗೊತ್ತು? ಸಹಿ ಹಾಕೋರು ಯಾರು, ಒಪ್ಪಿ ಹಾಕ್ತಿದಾರಾ — ಇಷ್ಟೇ ನನ್ನ ಹೊಣೆ.”

“ಯಾರು ಅಂತ ಹೇಗೆ ತಿಳ್ಕೊಂಡೆ?”

“ಗುರುತು ಚೀಟಿ ಯಂತ್ರದಲ್ಲಿ ಪಾಸಾಯ್ತು. ಆಮೇಲೆ ಐದು ಪ್ರಶ್ನೆ. ಹಳೇ ವಿಳಾಸ, ಸಾಲ, ಗಾಡಿ, ಅಂಥವು. ಅವು ನನಗೂ ಕಾಣಲ್ಲ. ನಾಲ್ಕು ಸರಿಯಾದ್ರೆ ಸಾಕು. ಈ ಅಮ್ಮ ಐದಕ್ಕೆ ಐದು! ನಲವತ್ತೆಂಟೇ ಸೆಕೆಂಡು!”

“ಐದಕ್ಕೆ ಐದು?” ಅರ್ಲೀನ್ ಪೆನ್ನು ಕೆಳಗಿಟ್ಟಳು. “ಏಪ್ರಿಲಿನಲ್ಲಿ ಎರಡು ಸಲ ಬಿದ್ದವರು?”

ಹೊರಗೆ ಬಂದ ವರ್ನಾ ಕಾರಿನ ಬಾಗಿಲು ಹಿಡಿದು ನಿಂತಳು. “ಅಂದ್ರೆ ನನ್ನ ತಲೆ ಅವತ್ತು ಸರಿಯಿತ್ತು, ಇವತ್ತು ಸರಿಯಿಲ್ಲ ಅಂತಾನಾ?”

“ಸುಮ್ನಿರಿ. ನಿಮ್ಮ ತಲೆ ಸರಿಯಾಗೇ ಇದೆ. ಮೋಸ ಮಾಡಿದೋರಿಗೆ ತೊಂದರೆ ಆಗಿರೋದೇ ಅದು.”

ವಕೀಲನ ನೋಟಿಸಿಗೆ, ಪ್ರಶ್ನೆ ಕೇಳುವ ಯಂತ್ರದ ಕಂಪನಿ ಒಂಬತ್ತು ದಿನದಲ್ಲಿ ಏಪ್ರಿಲ್, ಸೆಪ್ಟೆಂಬರ್ ಎರಡರ ಪ್ರಶ್ನೋತ್ತರಗಳ ಪ್ರತಿ ಕಳಿಸಿತು. ಅರ್ಲೀನ್ ಅದನ್ನು ಹಿಡಿದು ಬಂದಾಗ ರೊಸಾಲಿ ಅಕ್ಕನ ಬಟ್ಟೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

“ವರ್ನಾ ಅವ್ರೇ, ಈಗ ನಾನೇ ಯಂತ್ರ. ಬೇಗ ಉತ್ತರ ಹೇಳಿ. ಈ ನಾಲ್ಕು ವಿಳಾಸದಲ್ಲಿ ನೀವಿದ್ದದ್ದು ಯಾವುದು?”

ವರ್ನಾ ಕನ್ನಡಕ ಸರಿಮಾಡಿಕೊಂಡಳು. “ಯಾವುದೂ ಅಲ್ಲ. ಐವತ್ತೊಂದು ವರ್ಷದಿಂದ ಇದೇ ಮನೆ.”

“ತಪ್ಪು. ನಿಮ್ಮ ಹೆಸರಲ್ಲಿದ್ದ ಗಾಡಿ ಯಾವುದು?”

“ನನ್ನ ಹೆಸರಲ್ಲಾ? ಗಾಡಿ ಓಡಿಸೋಕೇ ಬರಲ್ಲ ನನಗೆ!”

“ಅದೂ ತಪ್ಪು. ಎರಡು ತಪ್ಪಾದ್ರೆ ನಪಾಸು. ಏಪ್ರಿಲಿನಲ್ಲಿ ನೀವು ಬಿದ್ದದ್ದೂ ಈ ಎರಡಕ್ಕೇ.”

ರೊಸಾಲಿ ನಕ್ಕಳು. “ನೋಡಿದ್ರಾ? ನಾನು ಹೇಳ್ಲಿಲ್ವಾ, ಅವಳಿಗೆ ಮರೆವು.”

“ಮರೆವಲ್ಲ ಕಣಮ್ಮಾ, ನಿಜ ಹೇಳಿ ನಪಾಸಾದ್ರು. ತಪ್ಪು ಇರೋದು ಯಂತ್ರದ ಕಡತದಲ್ಲಿ. ಅದರ ಪ್ರಕಾರ ವರ್ನಾ ಹುಡಾಕ್ ಹಾಥಾರ್ನ್ ಬೀದಿಯಲ್ಲಿ ಬಾಡಿಗೆಗಿದ್ರು. ಒಂದು ಕೆಂಪು ವ್ಯಾನು ಕೊಂಡಿದ್ರು. ಸೆಪ್ಟೆಂಬರಿನಲ್ಲಿ ಕೂತವಳಿಗೆ ಆ ಸುಳ್ಳು ಬಾಯಿಪಾಠ. ಅಸಲಿ ವರ್ನಾ ಪಾಸಾಗೋಕೆ ಸಾಧ್ಯವೇ ಇಲ್ಲದ ಪರೀಕ್ಷೆ ಇದು. ಪಾಸಾಗಿದ್ದೇ ಸಾಕ್ಷಿ — ಕೂತದ್ದು ಇವರಲ್ಲ.”

“ಲೂಸ್ —” ರೊಸಾಲಿ ಶುರುಮಾಡಿದಳು.

“ಲೂಸಳಿಗೆ ಮೂವತ್ತೆಂಟು ವರ್ಷ. ಅವಳು ಅಕ್ಕನ ಮೂಗು ಎಲ್ಲಿಂದ ತರ್ತಾಳೆ? ಕೆಂಪು ಕೂದಲಿಲ್ಲದವಳು ಸ್ಕಾರ್ಫು ಯಾಕೆ ಕಟ್ತಾಳೆ?” ಅರ್ಲೀನ್ ವರ್ನಾಳ ಕಡೆ ತಿರುಗಿದಳು. ದನಿ ಮೆತ್ತಗಾಯಿತು. “ಹಾಥಾರ್ನ್ ಬೀದಿ ಟೊಲೆಡೊದಲ್ಲಿದೆ. ಅಲ್ಲಿ ಇದ್ದೋರು ಯಾರು, ವರ್ನಾ ಅವ್ರೇ? ಅದನ್ನ ನೀವೇ ಹೇಳ್ಬೇಕು.”

ವರ್ನಾ ತಂಗಿಯ ಕಡೆ ನೋಡಿದಳು. ಆ ಕೆಂಪು ವ್ಯಾನಿನಲ್ಲೇ ರೊಸಾಲಿ ಸಾಮಾನು ಹೇರಿಕೊಂಡು ಊರಿಗೆ ಬಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

“ನೀನು,” ಅಂದಳು. “ನನ್ನ ಹೆಸರು ಹಾಕಿಕೊಂಡಿದ್ಯಾ?”

“ಇನ್ಯಾರ ಹೆಸರು ಹಾಕ್ಲಿ? ಸಾಲದಲ್ಲಿ ಮುಳುಗಿದ್ದ ನನ್ನ ಹೆಸರಿಗೆ ಒಂದು ಕೋಣೆ ಕೊಡೋರಿರ್ಲಿಲ್ಲ!” ರೊಸಾಲಿ ಕೈಯಲ್ಲಿದ್ದ ಬಟ್ಟೆಯನ್ನು ಪೆಟ್ಟಿಗೆಗೆ ಎಸೆದಳು. “ಅಮ್ಮನ ಮನೆ ಇದು. ಅವಳ ಹತ್ರ ಒಂದು ಸಹಿ ಹಾಕಿಸ್ಕೊಂಡು ಪೂರ್ತಿ ನಿಂದು ಮಾಡ್ಕೊಂಡೆ. ಅವತ್ತು ಯಾರೂ ಪತ್ತೇದಾರರನ್ನ ಕರೀಲಿಲ್ಲ.”

“ಪಾಲು ಕೇಳಿದ್ರೆ ಕೊಡ್ತಿರ್ಲಿಲ್ವೇನೇ?”

“ಕೇಳಿದ್ದೆ. ಎರಡು ಸಲ ಕೇಳಿದ್ದೆ. ಅದು ಮಾತ್ರ ನಿನಗೆ ನಿಜವಾಗ್ಲೂ ಮರೆತುಹೋಗಿದೆ.”

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರುವುದು? ವರ್ನಾ ಅವತ್ತು ಲೂಸಳಿಗೆ ಮೂರು ಸಲ ಫೋನು ಮಾಡಿದಳು. ಅವಳು ಎತ್ತಲಿಲ್ಲ.

ಖೋಟಾ ಸಹಿಯಿಂದ ಯಾರಿಗೂ ಹಕ್ಕು ಹುಟ್ಟುವುದಿಲ್ಲ, ಎಂಥ ಮುದ್ರೆಯಿದ್ದರೂ ಆ ಕ್ರಯಪತ್ರ ಬಿದ್ದುಹೋಗುತ್ತದೆ ಎಂದ ವಕೀಲ. ಆದರೆ ಅದನ್ನು ಕೋರ್ಟು ಹೇಳಬೇಕು. ಕೋರ್ಟಿಗೆ ಅಫಿಡವಿಟ್ ಬೇಕು. ಅದರಲ್ಲಿ ರೊಸಾಲಿಯ ಹೆಸರಿರಬೇಕು. ಆಮೇಲೆ ಪೊಲೀಸರು ಅವಳ ಬಾಗಿಲು ತಟ್ಟುತ್ತಾರೆ.

ವಕೀಲನ ಕಚೇರಿಯಲ್ಲಿ ಬಂದು ಕೂತ ನೋಟರಿ ನಡುವಯಸ್ಸಿನ ಹೆಂಗಸು. ಪ್ರಮಾಣ ಮಾಡಿಸುವ ಮೊದಲು ಗುರುತು ಚೀಟಿ ನೋಡಿದಳು, ಮುಖ ನೋಡಿದಳು.

“ಯಾರ ಒತ್ತಾಯವೂ ಇಲ್ದೆ, ಸ್ವಂತ ಇಚ್ಛೆಯಿಂದ ಸಹಿ ಹಾಕ್ತಿದೀರಾ?”

“ಇಲ್ಲ,” ಅಂದಳು ವರ್ನಾ.

ನೋಟರಿ ಮುದ್ರೆಯನ್ನು ಪೆಟ್ಟಿಗೆಯೊಳಗಿಟ್ಟಳು. “ಹಾಗಾದ್ರೆ ನಾನು ಮಾಡೋ ಹಾಗಿಲ್ಲಮ್ಮಾ.”

ವಕೀಲ ಏನೋ ಹೇಳಹೊರಟ. ಅರ್ಲೀನ್ ಅವನ ತೋಳು ಹಿಡಿದು ಸುಮ್ಮನಾಗಿಸಿದಳು.

ವರ್ನಾ ಕಾಗದದಲ್ಲಿದ್ದ ತಂಗಿಯ ಹೆಸರಿನ ಮೇಲೆ ಬೆರಳಿಟ್ಟಳು. “ಅರ್ಲೀನ್, ಆ ನೋಟರಿ ಹುಡುಗ, ಕೆಸ್ಲರ್, ನನ್ನ ತಂಗೀನೂ ಇದೇ ಪ್ರಶ್ನೆ ಕೇಳಿದ್ನಾ?”

“ಕೇಳಿದ. ವಿಡಿಯೊದಲ್ಲಿದೆ.”

“ಏನಂದಳು?”

“ಹೌದು ಅಂದಳು.”

“ಯೋಚನೆ ಮಾಡಿದ್ಲಾ?”

“ಇಲ್ಲ. ಅವನು ಕೇಳಿ ಮುಗಿಸೋ ಮೊದಲೇ ಅಂದಳು.”

ವರ್ನಾ ಕಾಗದವನ್ನು ಹತ್ತಿರ ಎಳೆದುಕೊಂಡಳು.

“ಇನ್ನೊಂದ್ಸಲ ಕೇಳಮ್ಮಾ,” ಅಂದಳು ನೋಟರಿಗೆ, “ಪೂರ್ತಿ ಕೇಳು.”