ಟೇಪಿನ ಆ ಕಡೆಯ ತುದಿ

"ಹತ್ತನೇ ಕ್ಲಾಸೂ ದಾಟದವನು, ಟೇಪ್ ಹಿಡಿಯೋಕಾದ್ರೂ ಬರುತ್ತೇನೋ ನಿಂಗೆ? ಇವತ್ತೂ ಅಳತೆ ತಪ್ಪಿದ್ರೆ ನಾಳೆಯಿಂದ ಬರ್ಬೇಡ!" ಮನೆಗಳಿಗೆ ಬೆಲೆ ಕಟ್ಟುವ ಬದರಿನಾಥ ಸಾರ್, ಫ್ಲಾಟ್ ಕೊಳ್ಳಲು ಬಂದಿದ್ದ ಗಂಡ ಹೆಂಡತಿಯ ಎದುರೇ ನನ್ನನ್ನು ಬೈದರು.

ಮೈಯೆಲ್ಲ ಉರಿಯಿತು. ಆದರೆ ಫ್ಲಾಟುಗಳ ಈಗಿನ ರೇಟು ಕೇಳಿಯೇ ಕೊಳ್ಳುವ ಜನ ಓಡುತ್ತಾರೆ. ಆ ತಿಂಗಳು ನಮಗೆ ಸಿಕ್ಕ ಕೆಲಸ ಜೆ.ಪಿ. ನಗರದ ಆ ಹಳೇ ಫ್ಲಾಟ್ ಒಂದೇ, ಬಿಟ್ಟು ಹೋಗುವಂತಿರಲಿಲ್ಲ. ತುದಿ ಹಿಡಿಯಲು ಯಾರನ್ನೂ ಕರೆಯದೆ ಸಿಟ್ಟಿನಲ್ಲಿ ಒಬ್ಬನೇ ಹಿಂದಿನ ರೂಮಿಗೆ ಹೋದೆ.

ಮಟಮಟ ಮಧ್ಯಾಹ್ನದಲ್ಲೂ ಆ ಖಾಲಿ ರೂಮು ತಣ್ಣಗಿತ್ತು. ಟೇಪಿನ ತುದಿಯನ್ನು ಗೋಡೆಗೆ ಒತ್ತಿಟ್ಟು ಈಚೆ ಬಂದರೆ ಜಾರಿ ಬೀಳುತ್ತಿತ್ತು. ಮತ್ತೆ ಇಟ್ಟೆ. ಈ ಸಲ ಬೀಳದೆ ಬಿಗಿಯಾಗಿ ನಿಂತಿತು. ನಾನು ಬದಿಗೆ ಸರಿದರೆ ಆ ತುದಿಯೂ ಸರಿಯಿತು. ಟೇಪ್ ಸುತ್ತಿಕೊಳ್ಳುವಾಗ ಚಟ್ಟನೆ ಹಾರಿಬರಲಿಲ್ಲ. ಕೈಗೆ ತಗುಲದಿರಲೆಂದು ಒಳ್ಳೆಯ ಜೊತೆಗಾರ ಹಿಡಿದುಕೊಂಡೇ ನಡೆದುಬರುವ ಹಾಗೆ ಮೆಲ್ಲಗೆ ಬಂತು. ನನಗೆ ಭಯವೇ ಆಗಲಿಲ್ಲ. ಸಿಟ್ಟು ಇಳಿದು ಮನಸ್ಸು ಹಗುರಾಯಿತು.

ಸಾರ್ ನನ್ನ ಅಳತೆಯನ್ನು ಪ್ಲಾನಿನ ಜೊತೆ ತಾಳೆ ನೋಡಿದರು. "ಪರವಾಗಿಲ್ವೇ, ಕರೆಕ್ಟಾಗಿದೆ! ನಾವೆಲ್ಲ ಹಾಲ್‌ನಲ್ಲೇ ಇದ್ವಲ್ಲ, ಆ ಕಡೆ ತುದಿ ಹಿಡ್ಕೊಂಡಿದ್ದು ಯಾರೋ?"

ಟೇಪಿನ ತುದಿ ಮುಟ್ಟಿದೆ. ಈಗಷ್ಟೇ ಯಾರದೋ ಬೆರಳು ಬಿಟ್ಟಂತೆ ಬೆಚ್ಚಗಿತ್ತು, ಬೆವರಿನ ಪಸೆಯೂ ಇತ್ತು. ಟೇಪನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.