ಫ್ರಿಜ್ಜಿನೊಳಗೆ ಗುಲಗಂಜಿ ಹುಳು

"ಅಲುಗಾಡಬೇಡ! ಒಂದೇ ಒಂದು ಸೆಕೆಂಡ್, ಅಲುಗಾಡಬೇಡ!"

ಸಾಸಿವೆ ಹೀಗೆ ಗದರಿದ್ದು ಪಕ್ಕದಲ್ಲಿದ್ದ ತಮ್ಮನಿಗಲ್ಲ. ಬೀನ್ಸ್ ಬಳ್ಳಿಯ ಎಲೆಯ ಮೇಲೆ ಕುಳಿತಿದ್ದ ಗುಲಗಂಜಿ ಹುಳುವಿಗೆ. ಕೆಂಪು ಬೆನ್ನು, ಬೆನ್ನ ಮೇಲೆ ಕಪ್ಪು ಚುಕ್ಕಿ, ಅಂಗಿಯ ಗುಂಡಿಯಂಥ ಗುಂಡು ಮೈ. ಆ ಹುಳು ಅವಳ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎಲೆಯ ಅಂಚಿನವರೆಗೆ ಸರಸರನೆ ನಡೆದು, ಅಲ್ಲಿಂದ ತಿರುಗಿ, ಎಲೆಯ ಅಡಿಗೆ ಮಾಯವಾಯಿತು.

ಕ್ಲಿಕ್!

ಕ್ಯಾಮೆರಾದ ಪರದೆಯಲ್ಲಿ ಮೂಡಿದ್ದು ಎಲೆ. ಬರೀ ಎಲೆ. ಅದೂ ಮಸುಕು.

"ಅಕ್ಕಾ, ನಾನೊಂದ್ಸಲ ಕ್ಯಾಮೆರಾ ಹಿಡ್ಕೊಳ್ಲಾ?"

"ಮುಟ್ಟಿದ್ರೆ ನೋಡು!"

ಅವಳನ್ನು ಮನೆಯಲ್ಲಿ ಸಾಸಿವೆ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಕಾದ ಎಣ್ಣೆಗೆ ಬಿದ್ದ ಹಾಗೆ ಚಟಪಟ ಸಿಡಿಯುವುದು ಅವಳ ಸ್ವಭಾವ. ಅವಳ ಹಿಂದೆ ಹಿಂದೆಯೇ ಸುತ್ತುವ ಐದು ವರ್ಷದ ತಮ್ಮ ಎಲ್ಲರ ಬಾಯಲ್ಲೂ ಬಾಲ. ಅದಕ್ಕಂತೂ ಕಾರಣ ಹೇಳಬೇಕಾಗಿಯೇ ಇಲ್ಲ.

ಬೆಳಗಿನಿಂದ ಒಂದಾದ ಮೇಲೊಂದು ಕಾಟ. ಹುಳು ಕುಳಿತರೆ ಗಾಳಿ ಬೀಸುತ್ತಿತ್ತು. ಗಾಳಿ ನಿಂತರೆ ಸೂರ್ಯ ಮೋಡದೊಳಗೆ ಹೋಗುತ್ತಿದ್ದ. ಸೂರ್ಯ ಹೊರಬಂದನೆಂದರೆ ಬಾಲ ಸೀನುತ್ತಿದ್ದ. ಎಲ್ಲವೂ ಕೂಡಿಬಂದ ಒಂದೇ ಒಂದು ಘಳಿಗೆಯಲ್ಲಿ ಅಮ್ಮ ಬಟ್ಟೆ ಒಣಹಾಕಲು ಬಂದು, ಒದ್ದೆ ದುಪ್ಪಟಿಯನ್ನು ಫಟ್ಟೆಂದು ಕೊಡವಿದ್ದಳು. ಇಡೀ ಬಳ್ಳಿಯೇ ಬೆಚ್ಚಿಬಿದ್ದಿತ್ತು.

ಹೇಗಾದರೂ ಇವತ್ತೇ ಫೋಟೋ ಸಿಗಲೇಬೇಕಿತ್ತು. ನಾಳೆ ತರಗತಿಯ ಗೋಡೆಗೆ ಪ್ರತಿಯೊಬ್ಬರೂ ತಾವೇ ತೆಗೆದ ಒಂದು ಫೋಟೋ ಅಂಟಿಸಬೇಕು. ಉಳಿದವರು ಬೆಕ್ಕು, ಸೈಕಲ್, ಅಜ್ಜಿ ಎಂದು ಹೇಳಿ ಸುಮ್ಮನಾಗಿದ್ದರು. ಸಾಸಿವೆ ಮಾತ್ರ ಎದ್ದು ನಿಂತು, "ನಾನು ಹುಳುವಿನ ಫೋಟೋ ತರ್ತೀನಿ ಮಿಸ್. ಅದರ ಕಾಲಿನ ಕೂದಲನ್ನೂ ಎಣಿಸ್ಬಹುದು, ಹಾಗಿರತ್ತೆ!" ಎಂದು ಜಂಬ ಕೊಚ್ಚಿಕೊಂಡಿದ್ದಳು. ಮಧ್ಯಾಹ್ನದ ಮೇಲೆ ಅತ್ತೆ ಬರುತ್ತಾರೆ. ಅವರದು ಪೇಟೆಯಲ್ಲಿ ಫೋಟೋ ಸ್ಟುಡಿಯೋ. ಹೊಸ ಕ್ಯಾಮೆರಾ ಕೊಡಿಸಿದವರೂ ಅವರೇ, ಪ್ರಿಂಟ್ ಹಾಕಿಕೊಡುವವರೂ ಅವರೇ.

ಸಾಸಿವೆ ಕಾಲು ನೆಲಕ್ಕೆ ಅಪ್ಪಳಿಸುತ್ತ ಒಳಗೆ ಹೋಗಿ, ನೀರು ಕುಡಿಯಲು ಫ್ರಿಜ್ ತೆಗೆದಳು. ಬಾಟಲಿಗೆ ಕೈ ಚಾಚಿದವಳು ಹಾಗೆಯೇ ನಿಂತಳು.

ಹೋದ ವಾರ ಒಂದು ನೊಣ ಇದೇ ಫ್ರಿಜ್ಜಿನಲ್ಲಿ ಸಿಕ್ಕಿಕೊಂಡಿತ್ತು. ಬಾಗಿಲು ತೆಗೆದಾಗ ಹಾರಲೂ ಆಗದೆ, ನಿದ್ದೆಗಣ್ಣಿನಲ್ಲಿ ಶಾಲೆಗೆ ಹೊರಟವರ ಹಾಗೆ ತೂರಾಡುತ್ತ ನಡೆದಿತ್ತು.

ಸಾಸಿವೆಯ ಕಣ್ಣು ಮಿನುಗಿತು.

"ಬಾಲ, ನಿನ್ನ ಕಲ್ಲಿನ ಡಬ್ಬಿ ಕೊಡೋ."

"ಅದರಲ್ಲಿ ನನ್ನ ಕಲ್ಲಿದೆ!"

"ಕಲ್ಲು ಓಡಿ ಹೋಗಲ್ಲ. ಸುರಿದು ಕೊಡು."

ಎಲೆಸಹಿತ ಹುಳು ಡಬ್ಬಿಯೊಳಗೆ ಹೋಯಿತು. ಡಬ್ಬಿ ಫ್ರಿಜ್ಜಿನೊಳಗೆ ಮೇಲಿನ ಹಲಗೆಗೆ, ಜಾಮ್ ಬಾಟಲಿಯ ಹಿಂದಕ್ಕೆ ಹೋಯಿತು.

"ಅಕ್ಕಾ, ಚುಕ್ಕಿಗೆ ಚಳಿ ಆಗಲ್ವಾ?"

"ಆಗಲೇ ಹೆಸರು ಬೇರೆ ಇಟ್ಟಾಯ್ತಾ? ಐದೇ ನಿಮಿಷ ಕಣೋ. ಏನೂ ಆಗಲ್ಲ."

ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅವಳ ಕಿವಿ ಹಿಡಿಯಿತು. ಅಮ್ಮ!

"ತಲೆ ತುಂಬ ಕಸ, ಮೊಣಕಾಲೆಲ್ಲ ಮಣ್ಣು. ಇನ್ನೂ ಸ್ನಾನ ಆಗಿಲ್ಲ. ನಡಿ!"

"ಅಮ್ಮಾ, ಐದು ನಿಮಿಷ—"

"ಬೆಳಿಗ್ಗೆಯಿಂದ ನಿನ್ನ ಐದು ನಿಮಿಷ ಮುಗಿದೇ ಇಲ್ಲ. ನಡಿ ಅಂದೆ!"

ಸ್ನಾನವಾಯಿತು. ಸ್ನಾನದ ಬೆನ್ನಿಗೆ ಊಟ ಬಂತು. ಅಮ್ಮ ಕುರ್ಚಿಯನ್ನು ಸರಿಯಾಗಿ ಫ್ರಿಜ್ಜಿನ ಬಾಗಿಲಿಗೆ ಆನಿಸಿ ಕುಳಿತುಬಿಟ್ಟಳು. ಹುಳುವನ್ನು ಫ್ರಿಜ್ಜಿನಲ್ಲಿಟ್ಟಿದ್ದೇನೆ ಎಂದರೆ ಅಮ್ಮ ತನ್ನನ್ನೇ ಅದರೊಳಗೆ ಇಡುವುದು ಖಂಡಿತವೆಂದು ಸಾಸಿವೆಗೆ ಗೊತ್ತಿತ್ತು. ಅವಳು ತುತ್ತು ನುಂಗುತ್ತಿದ್ದಳೇ ಹೊರತು ರುಚಿ ತಿಳಿಯುತ್ತಿರಲಿಲ್ಲ. ಬಾಲನಂತೂ ಫ್ರಿಜ್ಜಿನಿಂದ ಕಣ್ಣು ಕೀಳಲೇ ಇಲ್ಲ.

"ಏನೋ ಅಲ್ಲಿ ನೋಡ್ತಿದ್ದೀಯ?" ಅಮ್ಮ ಕೇಳಿದಳು.

ಬಾಲ ಬಾಯಿ ತೆರೆದ. ಸಾಸಿವೆ ಮೇಜಿನಡಿಯಲ್ಲಿ ಅವನ ಕಾಲು ತುಳಿದಳು.

"ಐಸ್‌ಕ್ರೀಮ್ ಖಾಲಿಯಾಗಿದೆ, ಸುಮ್ನೆ ಊಟ ಮಾಡು," ಎಂದಳು ಅಮ್ಮ.

ಕೊನೆಗೆ ಅಮ್ಮ ಕೈ ತೊಳೆದು ಆ ಕಡೆ ಹೋದದ್ದೇ ತಡ, ಸಾಸಿವೆ ಡಬ್ಬಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. ಮುಚ್ಚಳ ತೆಗೆದಳು. ಹುಳು ಎಲೆಯ ನಟ್ಟನಡುವೆ ಇತ್ತು. ಅಲುಗಾಡಲಿಲ್ಲ.

ಆಹಾ! ಈಗ ನೋಡು!

ಗಾಳಿ ಬಂದರೂ ಸರಿ, ಮೋಡ ಬಂದರೂ ಸರಿ. ತೀರಾ ಹತ್ತಿರದಿಂದ ತೆಗೆಯಲೆಂದೇ ಕ್ಯಾಮೆರಾದಲ್ಲಿದ್ದ ಹೂವಿನ ಗುರುತಿನ ಬಟನ್ ಒತ್ತಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ಎಡದಿಂದ, ಬಲದಿಂದ, ಎದುರಿನಿಂದ ಅವಳು ಮನದಣಿಯೆ ಕ್ಲಿಕ್ಕಿಸಿದಳು. ಪರದೆಯಲ್ಲಿ ಬೆನ್ನಿನ ಹೊಳಪು ಕಂಡಿತು. ಆ ಹೊಳಪಿನಲ್ಲಿ ಪುಟ್ಟ ಕಿಟಕಿಯಂತೆ ಆಕಾಶವೂ ಕಂಡಿತು. ಮಡಚಿದ ಕಾಲಿನ ಮೇಲೆ ಕೂದಲು! ನಿಜವಾಗಿಯೂ ಎಣಿಸಬಹುದಾದ ಕೂದಲು!

"ಸರಿ ಮಹಾರಾಯ, ಕೆಲಸ ಆಯ್ತು. ಹಾರು," ಎಂದಳು ಸಾಸಿವೆ.

ಹುಳು ಹಾರಲಿಲ್ಲ.

ಅವಳು ಮೆಲ್ಲಗೆ ಊದಿದಳು. ಹುಳು ಉರುಳಿ ಬೆನ್ನ ಮೇಲೆ ಬಿತ್ತು. ಆರೂ ಕಾಲುಗಳು ಹೊಟ್ಟೆಗೆ ಅಂಟಿಕೊಂಡಿದ್ದವು.

"ಅಕ್ಕಾ, ಚುಕ್ಕಿ ಯಾಕೆ ಏಳ್ತಿಲ್ಲ?"

"ಮಲಗಿದೆ."

"ಕಣ್ಣು ಮುಚ್ಚೇ ಇಲ್ಲ?"

"ಹುಳುಗೆ ರೆಪ್ಪೆ ಇರಲ್ಲ ಕಣೋ! ತಲೆ ತಿನ್ಬೇಡ!"

ಬಾಲ ಮತ್ತೆ ಕೇಳಲಿಲ್ಲ. ಹುಳುವನ್ನು ಮೆಲ್ಲಗೆ ತನ್ನ ಅಂಗೈಗೆ ಎತ್ತಿಕೊಂಡ. ಅವನು ಪ್ರಶ್ನೆಗಳನ್ನು ನಿಲ್ಲಿಸಿದ್ದು ಸಾಸಿವೆಗೆ ಅವನ ಪ್ರಶ್ನೆಗಳಿಗಿಂತ ಹೆಚ್ಚು ಕಷ್ಟವಾಯಿತು.

ಗೇಟಿನ ಬಳಿ ಸ್ಕೂಟರ್ ನಿಂತ ಸದ್ದಾಯಿತು.

"ಎಲ್ಲಿ ನಮ್ಮ ಫೋಟೋಗ್ರಾಫರ್?" ಅತ್ತೆ ಹೆಲ್ಮೆಟ್ ತೆಗೆಯುತ್ತಲೇ ಕೈ ಚಾಚಿದರು. "ತೋರಿಸು ನೋಡೋಣ."

ಸಾಸಿವೆ ಗೇಟಿನ ಬಳಿ ಹೋಗಿ ಕ್ಯಾಮೆರಾ ಕೊಟ್ಟಳು. ಅತ್ತೆ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು ನೋಡಿದರು.

"ಅಬ್ಬಬ್ಬಾ! ಏನೇ ಇದು, ಇಷ್ಟು ಕ್ಲಿಯರ್! ಸ್ಟುಡಿಯೋದಲ್ಲಿ ದಿನವಿಡೀ 'ಅಲುಗಾಡಬೇಡಿ, ಅಲುಗಾಡಬೇಡಿ' ಅಂತ ಅರಚಿಕೊಂಡ್ರೂ ಮನುಷ್ಯರೇ ಹೀಗೆ ಕೂರಲ್ಲ. ಈ ಹುಳುನ ಹೇಗೆ ಕೂರಿಸಿದ್ಯೇ?"

ಸಾಸಿವೆ ಪರದೆಯತ್ತ ನೋಡಿದಳು. ಆಗ ಕಾಣದ್ದು ಈಗ ಕಂಡಿತು. ಬೆಳಗ್ಗೆ ಎಲೆಯನ್ನೆಲ್ಲ ತಡವುತ್ತಿದ್ದ ಪುಟ್ಟ ಮೀಸೆಗಳು ಒಳಕ್ಕೆ ಮುದುಡಿದ್ದವು. ಕಾಲಿನ ಕೂದಲನ್ನು ಎಣಿಸಬಹುದಿತ್ತು. ಅವಳಿಗೆ ಎಣಿಸುವ ಮನಸ್ಸಾಗಲಿಲ್ಲ.

"ಹೇಳೇ, ಏನು ಮಂತ್ರ ಹಾಕಿದೆ?"

"ಅತ್ತೆ... ಅದು... ಫ್ರಿಜ್..."

"ಅಕ್ಕಾ! ಅಕ್ಕಾ, ಬಾ!"

ಬಾಲನ ಕೂಗು! ಸಾಸಿವೆ ಅತ್ತೆಯ ಕೈಯಿಂದ ಕ್ಯಾಮೆರಾ ಕಿತ್ತು ಕುತ್ತಿಗೆಗೆ ಹಾಕಿಕೊಂಡು ಹಿತ್ತಿಲಿಗೆ ಹಾರಿದಳು.

ಬಾಲ ಗೋಡೆಯ ಪಕ್ಕ, ಇಳಿಬಿಸಿಲು ಬೀಳುವ ಒಂದೇ ಒಂದು ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ಹುಳುವನ್ನು ಅಂಗೈಯಲ್ಲಿಟ್ಟುಕೊಂಡು, ಬಾಯಿ ಅಗಲವಾಗಿ ತೆರೆದು, "ಹಾ... ಹಾ..." ಎಂದು ಬಿಸಿಯುಸಿರು ಬಿಡುತ್ತಿದ್ದ.

"ಒಂದು ಕಾಲು ಆಡಿಸ್ತು ಅಕ್ಕಾ. ಆಣೆ!"

ಸಾಸಿವೆ ಮಂಡಿಯೂರಿದಳು. ಏನೂ ಇಲ್ಲ. ಬರೀ ಕೆಂಪು ಗುಂಡಿ. ಅವಳು ಬಾಲನ ಕೈಯ ಸುತ್ತ ತನ್ನ ಎರಡೂ ಕೈಗಳನ್ನು ಬೊಗಸೆ ಮಾಡಿ, ತಾನೂ "ಹಾ..." ಎಂದಳು.

ಅಲುಗಾಡು. ಒಂದೇ ಒಂದು ಸಲ ಅಲುಗಾಡು.

ಮೀಸೆಯೊಂದು ಹೊರಬಂತು. ಮತ್ತೊಂದೂ ಬಂತು. ಕಾಲುಗಳು ಗಾಳಿಯಲ್ಲಿ ಒದ್ದಾಡಿದವು. ಸಾಸಿವೆ ಕಿರುಬೆರಳು ಚಾಚಿದಳು. ಹುಳು ಅದನ್ನು ಹಿಡಿದು, ಹೊರಳಿ, ನೆಟ್ಟಗಾಗಿ, ಬಾಲನ ಹೆಬ್ಬೆರಳನ್ನು ಹತ್ತತೊಡಗಿತು. ತುದಿ ತಲುಪಿದ್ದೇ ಕೆಂಪು ಬೆನ್ನು ಎರಡು ಹೋಳಾಗಿ ತೆರೆಯಿತು.

"ಫೋಟೋ ಅಕ್ಕಾ, ಫೋಟೋ!"

ಕ್ಲಿಕ್!

ಹುಳು ಬಳ್ಳಿಯನ್ನು ದಾಟಿ, ಗೋಡೆಯನ್ನು ದಾಟಿ ಹೋಯಿತು.

ಹಿಂದೆಯೇ ಬಂದ ಅತ್ತೆ ಪರದೆ ನೋಡಿ ನಕ್ಕರು. ಒಂದು ಮಣ್ಣು ಮೆತ್ತಿದ ಹೆಬ್ಬೆರಳು, ತೆರೆದ ಒಂದು ಬಾಯಿ, ಎರಡರ ನಡುವೆ ಯಾರೋ ಕುಂಚದಿಂದ ಎಳೆದಂಥ ಒಂದು ಕೆಂಪು ಗೆರೆ. "ಇದರಲ್ಲಿ ಹುಳು ಎಲ್ಲಿದ್ಯೇ? ಇದನ್ನ ಅಳಿಸು. ಮೊದಲಿನದ್ದು ಪ್ರಿಂಟ್ ಹಾಕ್ತೀನಿ."

"ಬೇಡ ಅತ್ತೆ. ಇದನ್ನೇ ಹಾಕಿ."

"ನಾಳೆ ಕ್ಲಾಸ್‌ನಲ್ಲಿ ಎಲ್ಲ ನಗ್ತಾರೆ, ಆಮೇಲೆ ನನ್ನ ಮೇಲೆ ಸಿಡಿಬೇಡ."

"ನಗಲಿ."

ಸಾಸಿವೆ ಇಷ್ಟು ಮೆಲ್ಲಗೆ ಮಾತನಾಡಿದ್ದನ್ನು ಅತ್ತೆ ಎಂದೂ ಕೇಳಿರಲಿಲ್ಲ. ಅವರು ಫೋಟೋಗಳಿದ್ದ ಕಾರ್ಡನ್ನು ತೆಗೆದುಕೊಂಡು, ಚೀಲದಿಂದ ಇನ್ನೊಂದು ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿಕೊಟ್ಟು ಹೊರಟರು.

ಬಾಲ ಇನ್ನೂ ಗೋಡೆಯಾಚೆಯ ಆಕಾಶವನ್ನೇ ನೋಡುತ್ತಿದ್ದ. ಸಾಸಿವೆ ಕ್ಯಾಮೆರಾದ ಪಟ್ಟಿಯನ್ನು ತಾನಾಗಿಯೇ ಅವನ ಕುತ್ತಿಗೆಗೆ ಹಾಕಿದಳು.

ಅವನು ಉಸಿರು ಬಿಗಿಹಿಡಿದು, ಎರಡೂ ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು, ಕಂಬದಂತೆ ನಿಂತ.

"ಅಕ್ಕಾ, ಅಲುಗಾಡಬಾರದಾ?"

"ಅಲುಗಾಡು," ಎಂದಳು ಸಾಸಿವೆ. "ಪರವಾಗಿಲ್ಲ."