ಅಪ್ಪನ ಹಗಲು ನಿದ್ದೆ

“ಅಜ್ಜೀ, ಅಪ್ಪ ಎದ್ಬುಟ್ರು!”

ಬಿಂದುಶ್ರೀ ಅಡುಗೆಮನೆಗೆ ಓಡಿ ಬಂದಳು. ಇನ್ನೂ ಮಧ್ಯಾಹ್ನ ಹನ್ನೆರಡು ಗಂಟೆ. ಅಪ್ಪ ಲೋಕೇಶ್ ರಾತ್ರಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಬಂದು ಮಲಗಿದರೆ ನಾಲ್ಕು ಗಂಟೆವರೆಗೆ ಯಾರೂ ಎಬ್ಬಿಸುವಂತಿಲ್ಲ. ಏಪ್ರಿಲ್‌ನಲ್ಲಿ ಶ್ರೀರಾಂಪುರದ ಅವರ ತಾರಸಿ ಮನೆ ಕಾದ ಕಾವಲಿ. ಅದಕ್ಕೇ ಹೋದ ತಿಂಗಳು ಏಸಿ ಹಾಕಿಸಿದ್ದು.

ಅಪ್ಪ ರೂಮಿನ ಬಾಗಿಲಲ್ಲಿ ನಿಂತಿದ್ದರು. ಬನಿಯನ್ ಒದ್ದೆ, ಕಣ್ಣು ಕೆಂಪು.

“ಏಸಿ ಬರೀ ಫ್ಯಾನ್ ಥರ ಗಾಳಿ ಬಿಡ್ತಿದೆ ಕಣವ್ವ. ತಂಪೇ ಇಲ್ಲ.”

“ಫೈವ್ ಸ್ಟಾರ್, ಫೈವ್ ಸ್ಟಾರ್ ಅಂತ ಅಪ್ಪ ಮಗಳು ಕುಣಿದ್ರಲ್ಲ!” ಅಜ್ಜಿ ಭಾಗ್ಯಮ್ಮ ಗೊಣಗುತ್ತಾ ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

ಬಿಂದುಗೆ ಭಯವಾಯಿತು. ನಿದ್ದೆಗೆಟ್ಟ ಅಪ್ಪ ಬಸ್ಸು ಓಡಿಸೋದು ಹೇಗೆ? ಹಿಂದೆ ನಲವತ್ತು ಜನ ಅವರನ್ನೇ ನಂಬಿ ಮಲಗಿರುತ್ತಾರೆ.

ಅರ್ಧ ಗಂಟೆಯಲ್ಲಿ ಮೆಕ್ಯಾನಿಕ್ ಸಂಘಮಿತ್ರ ಅಕ್ಕ ಸ್ಕೂಟರಿನಲ್ಲಿ ಬಂದರು. ಒಳಗಿನ ಫಿಲ್ಟರ್ ನೋಡಿದರು. ಅದು ಚೊಕ್ಕಟವಾಗಿತ್ತು.

“ಹೊರಗಿನ ಡಬ್ಬ ಎಲ್ಲಿದೆ?”

“ತಾರಸಿ ಮೇಲೆ” ಅನ್ನುವಷ್ಟರಲ್ಲಿ ಬಿಂದುಗೆ ಬೆಳಿಗ್ಗೆ ತಾನು ಮಾಡಿದ್ದು ನೆನಪಾಯಿತು.

ತಾರಸಿಯಲ್ಲಿ ಆ ಡಬ್ಬದ ಮುಂದೆ ಅಜ್ಜಿಯ ಸಂಡಿಗೆ ಪಂಚೆ ಪರದೆಯ ಹಾಗೆ ಬಿಗಿಯಾಗಿ ಕಟ್ಟಿತ್ತು. ಅದರ ತುಂಬಾ ಅರ್ಧ ಒಣಗಿದ ಅಕ್ಕಿ ಸಂಡಿಗೆ. ಬೇಸಿಗೆ ರಜೆಯಲ್ಲಿ ಬಿಂದುಗೆ ಉಪಾಯಗಳಿಗೇನು ಬರ? ಡಬ್ಬದಿಂದ ಪುಕ್ಕಟೆ ಬಿಸಿಗಾಳಿ ಬರುತ್ತಿತ್ತು. ಸಂಡಿಗೆ ಬೇಗ ಒಣಗಲಿ ಅಂತ ಬೆಳಿಗ್ಗೆ ಅವಳೇ ಕಟ್ಟಿದ್ದಳು.

“ಯಾರು ಇದನ್ನ ಕಟ್ಟಿದ್ದು?”

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅಜ್ಜಿ ತಟ್ಟನೆ ಅಂದರು, “ನಾನೇ ಕಣಮ್ಮ. ವಯಸ್ಸಾಯ್ತಲ್ಲ, ಬುದ್ಧಿ ಮಂಕು.”

ಬಿಂದು ಅಜ್ಜಿಯ ಮುಖ ನೋಡಿದಳು.

“ಇಲ್ಲ ಅಕ್ಕ. ನಾನು ಕಟ್ಟಿದ್ದು.”

ಅಕ್ಕ ಬೈಯಲಿಲ್ಲ. ಪಂಚೆ ಬಿಚ್ಚುತ್ತಾ ಹೇಳಿದರು, “ಏಸಿ ತಂಪು ತಯಾರು ಮಾಡಲ್ಲ ಕಣೇ. ಪೈಪಿನೊಳಗಿರೋ ಗ್ಯಾಸು ರೂಮಿನ ಬಿಸಿ ಹೀರ್ಕೊಂಡು ಇಲ್ಲಿಗೆ ತರುತ್ತೆ. ಈ ಫ್ಯಾನ್ ಅದನ್ನ ಆಚೆ ದಬ್ಬುತ್ತೆ. ಫ್ರಿಜ್ ಹಿಂದೆ ಮುಟ್ಟಿದ್ರೆ ಬಿಸಿ ಇರಲ್ವಾ, ಹಂಗೇ. ನೀನು ದಾರೀನೇ ಮುಚ್ಬುಟ್ರೆ ಬಿಸಿ ಎಲ್ಲಿಗೆ ಹೋಗ್ಬೇಕು?”

“ಹಾಗಾದ್ರೆ ಫೈವ್ ಸ್ಟಾರ್ ಅಂದ್ರೆ ಜಾಸ್ತಿ ತಂಪು ಅಂತಲ್ವಾ?” ಬಿಂದು ಕೇಳಿದಳು.

“ಅಲ್ಲ. ಕಮ್ಮಿ ಕರೆಂಟಲ್ಲಿ ಜಾಸ್ತಿ ಬಿಸಿ ಹೊರುತ್ತೆ ಅಂತ. ಸ್ಟಿಕ್ಕರ್ ಮೇಲೆ ಸ್ಟಾರ್ ಅಲ್ಲದೆ ಇನ್ನೊಂದು ನಂಬರ್ ಇರುತ್ತೆ. ನಿಮ್ಮದರಲ್ಲಿ ಅದೂ ಐದು. ವರ್ಷದ ಲೆಕ್ಕ ಹಾಕಿದ್ರೆ, ಒಂದು ಪಾಲು ಕರೆಂಟ್ ತಿಂದು ಐದು ಪಾಲು ಬಿಸಿ ಆಚೆ ಹಾಕುತ್ತೆ.”

“ಒಂದು ಮುದ್ದೆ ತಿಂದು ಐದು ಮೂಟೆ ಹೊರೋ ಆಳು ಅನ್ನು!” ಅಜ್ಜಿಗೆ ಏಸಿಯ ಮೇಲೆ ಮೊದಲ ಸಲ ಗೌರವ ಬಂತು. “ಪಾಪ, ಅದರ ಬಾಯಿಗೇ ಬಟ್ಟೆ ಕಟ್ಬುಟ್ಯಲ್ಲೇ!”

ಅಕ್ಕ ನಗುತ್ತಾ ಒಂದು ಹಸಿ ಸಂಡಿಗೆ ಕಿತ್ತು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಏಸಿ ಹಾಕಿದಾಗ ರೂಮು ತಣ್ಣಗಾಗತೊಡಗಿತು. ಅಪ್ಪ ದಿಂಬಿಗೆ ತಲೆ ಕೊಟ್ಟಿದ್ದೇ ತಡ, ನಿದ್ದೆ.

ಮೂರು ಗಂಟೆಗೆ ಬಿಂದು ಒಬ್ಬಳೇ ತಾರಸಿಗೆ ಹೋದಳು. ಡಬ್ಬದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಬೆಳಿಗ್ಗೆ ಇದೆಲ್ಲ ಅಪ್ಪನ ಸುತ್ತ ಇತ್ತಲ್ಲ ಅನ್ನಿಸಿತು. ಅವಳು ಮುಖ ತಿರುಗಿಸದೆ ಅಲ್ಲೇ ನಿಂತಳು. “ಥ್ಯಾಂಕ್ಸ್ ಕಣೋ,” ಅಂದಳು ಡಬ್ಬಕ್ಕೆ.

ಆಮೇಲೆ ಕೆಳಗಿಳಿದು ಬಂದು, ಚಾಪೆ ಮೇಲೆ ಕೂತಿದ್ದ ಅಜ್ಜಿಯ ಮಂಡಿ ನೀವತೊಡಗಿದಳು.

“ಏನೇ ಇವತ್ತು, ಕೇಳದೇನೇ?”

“ಸುಮ್ನೆ ಅಜ್ಜಿ. ಮೆಟ್ಟಿಲು ಹತ್ತಿದ್ರಲ್ಲ.”

ರೂಮಿನ ಒಳಗಿಂದ ಅಪ್ಪನ ಗೊರಕೆ ಕೇಳಿಸುತ್ತಿತ್ತು. ಅಜ್ಜಿ, ಮೊಮ್ಮಗಳು ಇಬ್ಬರೂ ಮಾತು ನಿಲ್ಲಿಸಿದರು.